ಮೂರು ಪಾರಿತೋಷಿಕಗಳೂ ನಮ್ಮ ಸೀಮೆಯ ನೀರೂ

1904, 1905, 1906: ಅನುಕ್ರಮವಾದ ಈ ಮೂರು ವರ್ಷಗಳಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಿಕವು ಲಂಡನ್ನಿನ ಸರ್ ವಿಲಿಯಂ ರಾಮ್ಸೆಗೂ, ಮ್ಯೂನಿಕ್ಕಿನ ಅಡಾಲ್ಫ್ ಫಾನ್ ಬೇಯರನಿಗೂ, ಪ್ಯಾರಿಸ್ಸಿನ ಹೆನ್ರಿ ಮ್ವಾಸಾನನಿಗೂ ಸಂದಿತು. ಮೊದಲನೆಯವನು ಯಾವುದರೊಡನೆಯೂ ಕೂಡಲೊಲ್ಲದ ಅನಿಲಗಳನ್ನು ಗಾಳಿಯೊಳಗಿಂದ ಹೆಕ್ಕಿ ತೆಗೆದವನು. ಎರಡನೆಯವನು ನೀಲಿಯ ಬಣ್ಣದ ಒಳರಚನೆಯನ್ನು ಬಿಡಿಸಿ ತೋರಿದವನು. ಮೂರನೆಯವನು, ಕಂಡದ್ದನ್ನೆಲ್ಲ ಹಿಡಿದುಕೊಂಡು ಬಿಡದಿರುವ ಫ್ಲೋರಿನ್ ಎಂಬ ಉಗ್ರಾನಿಲವನ್ನು ಅದರ ಬಂಧನಗಳಿಂದ ಬೇರ್ಪಡಿಸಿದವನು. ಸ್ಟಾಕ್‌ಹೋಮಿನಲ್ಲಿ ಆ ಸುವರ್ಣಪದಕಗಳನ್ನು ಪ್ರದಾನ ಮಾಡುತ್ತಿದ್ದಾಗ ನಮ್ಮ ಸೀಮೆಯ ಕೊಳಾಲವೆಂಬ ಹೋಬಳಿಯೊಂದು ಭೂಮಂಡಲದಲ್ಲಿ ಉಂಟೆಂಬುದನ್ನು ಅಲ್ಲಿದ್ದವರಾರೂ ಬಲ್ಲವರಾಗಿರಲಾರರು. ಕೊಳಾಲದ ಸಂತೆಯಲ್ಲಿ ಈ ಮೂವರ ಹೆಸರನ್ನು ಇಂದು ಹೇಳಿದರೂ ತಲೆಯೆತ್ತಿ ನೋಡುವವರು ವಿರಳ. ಹೀಗಿದ್ದರೂ ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳ ಯಾವುದಾದರೊಂದು ಪಂಚಾಯಿತಿಯಲ್ಲಿ ಕೊಳವೆಬಾವಿಯ ನೀರನ್ನು ಸಣ್ಣ ನಳಿಗೆಯಲ್ಲಿ ತುಂಬಿ, ಅದಕ್ಕೆ ಕೆಲವು ತೊಟ್ಟು ಕೆಂಪು ದ್ರವವನ್ನು ಬಿಟ್ಟು ಬಣ್ಣ ತಿರುಗುವುದನ್ನು ಕಾಯುವಾಗ, ಆ ನಳಿಗೆಯೊಳಗೆ ಮ್ವಾಸಾನ್ ಮತ್ತು ಬೇಯರ್ ಇಬ್ಬರೂ ಎದುರಾಗಿರುತ್ತಾರೆ. ರಾಮ್ಸೆಯಾದರೋ ಬಹಳ ಮೊದಲೇ ಬೆಂಗಳೂರಿನವರೆಗೆ ತಾನೇ ಬಂದು ಹೋದವನು.

ರಾಮ್ಸೆಯ ಕಥೆಯು ತೂಕದಲ್ಲಿ ಬಂದ ಒಂದು ಅಲ್ಪವ್ಯತ್ಯಾಸದಿಂದ ಆರಂಭವಾಗುತ್ತದೆ. ಗಾಳಿಯಿಂದ ಆಮ್ಲಜನಕವೇ ಮೊದಲಾದುವನ್ನು ಕಳೆದು ಉಳಿಸಿಕೊಂಡ ಸಾರಜನಕವು, ಅಮೋನಿಯದಂತಹ ಸಂಯುಕ್ತಗಳಿಂದ ಪಡೆದ ಸಾರಜನಕಕ್ಕಿಂತ ನೂರಕ್ಕೆ ಅರ್ಧಪಾಲಿನಷ್ಟು ಭಾರವಾಗಿ ತೂಗುತ್ತಿರುವುದನ್ನು ಲಾರ್ಡ್ ರೇಲಿ ಕಂಡುಕೊಂಡನು. ಅಷ್ಟನ್ನು ತಕ್ಕಡಿಯ ದೋಷವೆಂದು ತಳ್ಳಿಹಾಕಬಹುದಾಗಿತ್ತು, ಆತ ತಳ್ಳಿಹಾಕಲಿಲ್ಲ. ಆ ಗಾಳಿಯ ಸಾರಜನಕವನ್ನು ಕಾದ ಮೆಗ್ನೀಸಿಯಂ ಲೋಹದ ಮೇಲೆ ಮತ್ತೆ ಮತ್ತೆ ಹಾಯಿಸಿ, ಲೋಹವು ಹೀರಬಲ್ಲಷ್ಟನ್ನು ಹೀರಿದ ಮೇಲೆ ಶೇಷವಾಗಿ ನಿಂತ ಅನಿಲವನ್ನು ರಾಮ್ಸೆ ಪರೀಕ್ಷಿಸಲಾಗಿ, ಅದು ಅದುವರೆಗೆ ಯಾರೂ ಅರಿಯದ ಮೂಲವಸ್ತುವೆಂದು 1894ರಲ್ಲಿ ಸಿದ್ಧವಾಯಿತು. ನಾವು ಸೇದುವ ಉಸಿರಿನ ನೂರು ಪಾಲಿನಲ್ಲಿ ಹೆಚ್ಚುಕಡಮೆ ಒಂದು ಪಾಲು ಇರುವ ಈ ಆರ್ಗಾನನ್ನು ಕ್ಯಾವೆಂಡಿಷ್ ಎಂಬ ವಿದ್ವಾಂಸನು 1785ರಲ್ಲಿಯೇ, ಎಷ್ಟು ವಿದ್ಯುತ್ ಕಿಡಿ ಹಾಯಿಸಿದರೂ ಕರಗದೆ ಉಳಿಯುವ ಒಂದು ಪುಟ್ಟ ಗುಳ್ಳೆಯ ರೂಪದಲ್ಲಿ ಕಂಡು, ಬರೆದಿಟ್ಟು, ಅಲ್ಲಿಗೇ ಬಿಟ್ಟಿದ್ದನು. ರಾಮ್ಸೆ 1895ರಲ್ಲಿ ಕ್ಲೀವೈಟ್ ಎಂಬ ಖನಿಜದಿಂದ ಹೀಲಿಯಮನ್ನು ಪಡೆದನು. 1898ರಲ್ಲಿ ಮೋರಿಸ್ ಟ್ರಾವರ್ಸ್ ಎಂಬ ತರುಣ ಸಹಾಯಕನೊಡಗೂಡಿ ದ್ರವೀಕರಿಸಿದ ಗಾಳಿಯನ್ನು ಹಂತಹಂತವಾಗಿ ಆವಿಯಾಗಿಸುತ್ತ ಕ್ರಿಪ್ಟಾನ್, ನಿಯಾನ್, ಜೆನಾನ್ ಎಂಬ ಇನ್ನೂ ಮೂರನ್ನು ಒಂದೇ ವರ್ಷದಲ್ಲಿ ಹೊರಗೆಳೆದನು.

ಈ ಕೀರ್ತಿ ಇನ್ನೂ ಹೊಸದಾಗಿರುವಾಗಲೇ, ನೊಬೆಲ್ ಪದಕವು ಬರುವುದಕ್ಕೆ ಕೆಲವು ವರ್ಷ ಮೊದಲು, ಜಮ್‌ಷೆಡ್‌ಜಿ ಟಾಟಾ ಸಂಕಲ್ಪಿಸಿದ್ದ ವಿಜ್ಞಾನವಿದ್ಯಾಲಯದ ಸ್ವರೂಪವನ್ನೂ ಸ್ಥಳವನ್ನೂ ಕುರಿತು ಸಲಹೆ ನೀಡಲು ರಾಮ್ಸೆ 1900ರ ಅಂತ್ಯದಲ್ಲಿ ಭಾರತಕ್ಕೆ ಬಂದು, ದೇಶವನ್ನು ಸುತ್ತಿ, ಅದಕ್ಕೆ ಬೆಂಗಳೂರೇ ಯೋಗ್ಯವೆಂದು ಅಭಿಪ್ರಾಯಪಟ್ಟನು. ಮೈಸೂರು ಸಂಸ್ಥಾನವು 371 ಎಕರೆಯಷ್ಟು ಭೂಮಿಯನ್ನು ಧಾರೆಯೆರೆಯಿತು. ನಿಯಾನಿನ ಕಡುಗೆಂಪು ಬೆಳಕನ್ನು ಜಗತ್ತಿನಲ್ಲಿ ಮೊತ್ತಮೊದಲು ಕಂಡ ಇಬ್ಬರಲ್ಲಿ ಒಬ್ಬನಾದ ಟ್ರಾವರ್ಸನೇ 1906ರಲ್ಲಿ ಆ ಸಂಸ್ಥೆಯ ಪ್ರಥಮ ನಿರ್ದೇಶಕನಾಗಿ ಬಂದನು. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಸ್ತಿಭಾರವನ್ನು ಇಟ್ಟರು. ಅದೇ ವರ್ಷ ವಿದ್ಯಾರ್ಥಿಗಳು ಸೇರಿದರು. 1914ರಲ್ಲಿ ಟ್ರಾವರ್ಸ್ ಸ್ವದೇಶಕ್ಕೆ ಮರಳಿದನಾದರೂ ಸಂಸ್ಥೆ ನಿಂತಿತು. ಮೊದಲನೆಯ ಮಹಾಯುದ್ಧದಿಂದಾಗಿ ನಮ್ಮ ಶ್ರೀಗಂಧದ ಕೊರಡುಗಳು ಜರ್ಮನಿಗೆ ಹೋಗುವುದು ತಪ್ಪಿದಾಗ ಗಂಧದೆಣ್ಣೆಯನ್ನು ಇಲ್ಲಿಯೇ ಬಟ್ಟಿಯಿಳಿಸುವ ವಿಧಾನವನ್ನು ಸಡ್‌ಬರೋ ಮತ್ತು ವಾಟ್ಸನ್ ಎಂಬ ಅಲ್ಲಿಯ ರಸಾಯನಜ್ಞರೇ ಸಿದ್ಧಪಡಿಸಿಕೊಟ್ಟರು; ಸುಗಂಧತೈಲಗಳ ರಚನೆಯನ್ನು ಬಿಡಿಸಿದುದಕ್ಕಾಗಿ ಆಟ್ಟೊ ವಾಲಕ್‌ಗೆ ನೊಬೆಲ್ ಬಂದು ಆಗಿನ್ನೂ ಆರು ವರ್ಷ ಕಳೆದಿತ್ತು. ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದು ಬೆಂಗಳೂರಿನ ಹಳಬರು ಇಂದಿಗೂ ಕರೆಯುವ ಆ ಕಟ್ಟಡವನ್ನು ದೂರದಿಂದ ನೋಡಿ, ತಮಗೆ ಸಂಬಂಧಪಡದ ಏನೋ ಅಲ್ಲಿ ನಡೆಯುತ್ತಿದೆಯೆಂದು ಭಾವಿಸುವ ನಮ್ಮ ಕಡೆಯ ಜನರಿಗೆ ಇಷ್ಟನ್ನಾದರೂ ಹೇಳಬೇಕೆನಿಸಿತು. ರಾಮ್ಸೆಯ ಅನಿಲವೂ ಅವರಿಗೆ ಅಪರಿಚಿತವೇನಲ್ಲ. ‘ಆರ್ಗಾನ್ ವೆಲ್ಡಿಂಗ್’ ಎಂಬ ಫಲಕವನ್ನು ವರ್ಕ್‌ಶಾಪುಗಳ ಮುಂದೆ ಕಾಣದವರಿಲ್ಲ.

ಆರ್ಗಾನ್ ಯಾರ ಮನೆಯ ಮದುವೆಗೂ ಹೋಗದ ಏಕಾಂಗಿ. ಕಾದ ಲೋಹ, ಕ್ಲೋರಿನ್, ಆಮ್ಲ, ಕ್ಷಾರ ಯಾವುದಕ್ಕೂ ಅದು ಜಗ್ಗದಿರಲು ರಾಮ್ಸೆಗೆ ಒಂದೇ ಆಸೆ ಉಳಿಯಿತು. ಪ್ಯಾರಿಸ್ಸಿನಲ್ಲಿ ಮ್ವಾಸಾನನ ಬಳಿ ಎಲ್ಲವನ್ನೂ ಹಿಡಿಯಬಲ್ಲ ಅನಿಲವೊಂದಿದೆ. ಅದೂ ಇದೂ ಸಂಧಿಸಿದರೆ ಏನಾದೀತು? 1895ರಲ್ಲಿ ಆತ 100 ಘನ ಸೆಂಟಿಮೀಟರಿನಷ್ಟು ಆರ್ಗಾನನ್ನು ಮ್ವಾಸಾನನಿಗೆ ಕಳುಹಿಸಿಕೊಟ್ಟನು. ಮ್ವಾಸಾನ್ ಎರಡನ್ನೂ ಕೂಡಿಸಿ ವಿದ್ಯುತ್ ಕಿಡಿಯನ್ನು ಹಾಯಿಸಿ ನೋಡಿದನು, ಏನೂ ಆಗಲಿಲ್ಲ. ಜೆನಾನ್ ಮಣಿಯಲು 1962ರಲ್ಲಿ ಕೆನಡಾದ ನೀಲ್ ಬಾರ್ಟ್‌ಲೆಟ್ ಬರಬೇಕಾಯಿತು. ಆರ್ಗಾನಿನ ಸಂಯುಕ್ತವೊಂದನ್ನು ಅತ್ಯಂತ ಶೈತ್ಯದಲ್ಲಿ ಕಾಣಲು 2000ದ ವರ್ಷವೇ ಬೇಕಾಯಿತು. ಪಾರಿತೋಷಿಕಗಳ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ನಿಷ್ಫಲವಾದ ಈ ಪ್ರಯೋಗವೇ.

ಆದರೆ ಫ್ಲೋರಿನ್ ಮ್ವಾಸಾನನ ಕೈಗೆ ಬಂದದ್ದು ಹೇಗೆಂಬುದನ್ನು ಸ್ವಲ್ಪ ವಿಸ್ತರಿಸಿಯೇ ಹೇಳಬೇಕು. ಫ್ಲೋರ್‌ಸ್ಪಾರ್ ಎಂಬ ಖನಿಜಕ್ಕೆ ಗಂಧಕಾಮ್ಲವನ್ನು ಹಾಕಿ ಕಾಯಿಸಿದರೆ ಗಾಜನ್ನೇ ಕೊರೆಯುವ ಒಂದು ಆಮ್ಲವು ಬರುತ್ತದೆಂದು ಷೀಲೆ 1771ರಲ್ಲಿಯೇ ತೋರಿಸಿದ್ದನು. ಅದರೊಳಗೆ ಕ್ಲೋರಿನ್ನನ್ನು ಹೋಲುವ ಮೂಲವಸ್ತುವೊಂದು ಅಡಗಿದೆಯೆಂದು ಆಂಪೇರ್ ಊಹಿಸಿದ್ದನು. ಆ ಊಹೆಯನ್ನು ನಿಜಮಾಡಿ ತೋರಲು ಹೊರಟವರ ಪಾಡು ಮಾತ್ರ ಘೋರವಾಯಿತು. ಹಂಫ್ರಿ ಡೇವಿ, ಗೇ-ಲುಸಾಕ್, ಥೆನಾರ್ ಮೊದಲಾದ ಧುರಂಧರರು ಆ ಹೊಗೆಯಿಂದ ನರಳಿದರು. ಐರ್ಲೆಂಡಿನ ನಾಕ್ಸ್ ಸಹೋದರರು ವಿಷಕ್ಕೆ ಸಿಕ್ಕಿ ಒಬ್ಬನು ಸಾವಿನ ಬಾಗಿಲಿನಿಂದ ಹಿಂದಿರುಗಿದನು. ಬ್ರಸೆಲ್ಸಿನ ಲೂಯೆ, ನಾನ್ಸಿಯ ನಿಕ್ಲೆಸ್ ಹಿಂದಿರುಗಲೇ ಇಲ್ಲ. ಈ ಅನಿಲವನ್ನು ಬಿಡಿಸಿದರೆ ತಾನೇ ಆಯಿತು? ಬಿಡಿಸಿದ ಕ್ಷಣದಲ್ಲಿಯೇ ಅದು ಪಾತ್ರೆಯನ್ನೂ ನೀರನ್ನೂ ಮುಚ್ಚಳವನ್ನೂ ಹಿಡಿದು ಮತ್ತೆ ಸಂಯುಕ್ತವಾಗಿಬಿಡುತ್ತಿತ್ತು.

ಮ್ವಾಸಾನ್ ಔಷಧಶಾಲೆಯಲ್ಲಿ ಪಳಗಿದವನು. ಫ್ಲೋರಿನ್ನಿನ ಬೆನ್ನುಹತ್ತಿ ಸೋತಿದ್ದ ಫ್ರೆಮಿಯ ಶಿಷ್ಯನು. ಸಂಶೋಧನೆಯ ವೆಚ್ಚಕ್ಕೆ ಮಾವನ ಮನೆಯ ಆಸರೆಯೂ ಇದ್ದವನು. (ವಿಜ್ಞಾನದ ಚರಿತ್ರೆಯನ್ನು ಬರೆಯುವವರು ಮಾವಂದಿರನ್ನು ಮರೆಯುವುದು ಕೃತಘ್ನತೆ.) ಇಂಗ್ಲಿಷಿನ ‘ಯು’ ಅಕ್ಷರದಂತೆ ಬಾಗಿಸಿದ ಪ್ಲಾಟಿನಂ ಕೊಳವೆ, ಪ್ಲಾಟಿನಂ ಮತ್ತು ಇರಿಡಿಯಂ ಬೆರಸಿದ ವಿದ್ಯುದ್ವಾರಗಳು, ಮತ್ತು ಫ್ಲೋರಿನ್ ಈಗಾಗಲೇ ಹಿಡಿದಿರುವುದರಿಂದ ಇನ್ನು ಹಿಡಿಯಲಾರದ ಫ್ಲೋರ್‌ಸ್ಪಾರನ್ನೇ ಕಡೆದು ಮಾಡಿದ ಬಿರಡೆಗಳು: ಇಷ್ಟನ್ನು ಅಣಿಗೊಳಿಸಿ, ನೀರಿನ ಪಸೆಯಿಲ್ಲದ ಆ ಆಮ್ಲವನ್ನು ಹಿಮಬಿಂದುವಿಗಿಂತ ಎಷ್ಟೋ ಕೆಳಗಿನ ಶೈತ್ಯದಲ್ಲಿಟ್ಟು, 1886ರ ಜೂನ್ 26ರಂದು ವಿದ್ಯುತ್ತನ್ನು ಹರಿಯಿಸಿದನು. ಒಂದು ಬಾಹುವಿನ ತುದಿಯಿಂದ ಹೊರಟ ಅನಿಲಕ್ಕೆ ಸಿಲಿಕಾನಿನ ಹರಳನ್ನು ಹಿಡಿಯಲು, ಅದು ತಟ್ಟನೆ ಹೊತ್ತಿ ಉರಿಯಿತು.

ವಾರ್ತೆಯನ್ನು ಕೇಳಿ ಫ್ರೆಂಚ್ ವಿಜ್ಞಾನ ಅಕಾಡೆಮಿಯು ಬೆರ್ತೆಲೊ, ದೆಬ್ರೇ ಮತ್ತು ಗುರುವಾದ ಫ್ರೆಮಿ ಈ ಮೂವರನ್ನು ಪರೀಕ್ಷಕರನ್ನಾಗಿ ಕಳುಹಿಸಿತು. ಅವರೆದುರಿಗೆ ಯಂತ್ರವು ಕೆಲಸಮಾಡಲೊಲ್ಲದೆ ಹೋಯಿತು. ಅನಿಲದ ಸುಳಿವೇ ಇಲ್ಲ. ಕಾರಣವು ವಿನೋದವಾದುದು: ಬರುವವರು ದೊಡ್ಡವರೆಂದು ಮ್ವಾಸಾನ್ ಆಮ್ಲವನ್ನು ಎಂದಿಗಿಂತ ಹೆಚ್ಚಿನ ಶ್ರದ್ಧೆಯಿಂದ ಶುದ್ಧಿಮಾಡಿಬಿಟ್ಟಿದ್ದನು. ಅಷ್ಟು ಶುದ್ಧವಾದ ಆಮ್ಲದಲ್ಲಿ ವಿದ್ಯುತ್ ಹರಿಯದು; ಅದುವರೆಗಿನ ಯಶಸ್ಸೆಲ್ಲ ಅದರಲ್ಲಿ ಬೆರೆತು ಉಳಿದಿದ್ದ ಪೊಟ್ಯಾಸಿಯಂ ಲವಣದ ಕೃಪೆ. ಆ ಲವಣವನ್ನು ಬೇಕೆಂದೇ ಬೆರಸಿ ಮತ್ತೆ ತೋರಿಸಿದಾಗ ಪರೀಕ್ಷಕರು ಒಪ್ಪಿದರು. ಇಪ್ಪತ್ತು ವರ್ಷದ ತರುವಾಯ, ಆವರ್ತಕೋಷ್ಟಕದ ಕರ್ತೃವಾದ ಮೆಂಡಲೀವನಿಗೆ ಪದಕವು ಸಲ್ಲಬೇಕೆಂದು ನೊಬೆಲ್ ರಸಾಯನ ಸಮಿತಿಯು ಮಾಡಿದ್ದ ಶಿಫಾರಸನ್ನು ಬದಿಗಿರಿಸಿ, ಸ್ವೀಡಿಷ್ ವಿಜ್ಞಾನ ಅಕಾಡೆಮಿಯು ಮ್ವಾಸಾನನನ್ನೇ ಆರಿಸಿತು. ಇದು ಅನ್ಯಾಯವೆಂದೇ ನನ್ನ ತೀರ್ಪು. ಅನ್ಯಾಯದಲ್ಲಿ ಮ್ವಾಸಾನನ ಪಾಲು ಏನೂ ಇಲ್ಲ. ಮರುವರ್ಷದ ಫೆಬ್ರವರಿಯಲ್ಲಿ, ಮೆಂಡಲೀವ್ 2ರಂದೂ ಮ್ವಾಸಾನ್ 20ರಂದೂ ತೀರಿಕೊಂಡರು. ಮ್ವಾಸಾನನಿಗೆ ಆಗ ಐವತ್ತನಾಲ್ಕು ವಯಸ್ಸು.

ಇಷ್ಟೊಂದು ಪ್ರಾಣಗಳನ್ನೂ ಪ್ಲಾಟಿನಮನ್ನೂ ವ್ಯಯಮಾಡಿಸಿ ಪ್ಯಾರಿಸ್ಸಿನಲ್ಲಿ ಕಾಣಿಸಿಕೊಂಡ ಈ ಮೂಲವಸ್ತುವು ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಯಾರೂ ಕರೆಯದೆಯೇ ಮನೆಯ ಹಂಡೆಯವರೆಗೆ ಬಂದಿದೆ. ಬರುವುದು ಅನಿಲವಾಗಿ ಅಲ್ಲ. ನೀರಿನಲ್ಲಿ ಕರಗಿದ ಫ್ಲೋರೈಡಾಗಿ. ಮಧುಗಿರಿಯ ಏಕಶಿಲಾಬೆಟ್ಟವನ್ನೂ ಚನ್ನರಾಯನದುರ್ಗವನ್ನೂ ಸಿದ್ಧರ ಬೆಟ್ಟವನ್ನೂ ನಿರ್ಮಿಸಿರುವ ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿ ಫ್ಲೋರೈಟ್, ಅಪಟೈಟ್ ಮತ್ತು ನಾವು ಕಾಗೆಬಂಗಾರವೆನ್ನುವ ಅಭ್ರಕದ ಕರಿಯ ಜಾತಿಯಾದ ಬಯೊಟೈಟ್ ಮೊದಲಾದ ಖನಿಜಗಳು ಚದರಿಕೊಂಡಿವೆ. ಅವುಗಳಲ್ಲೆಲ್ಲ ಫ್ಲೋರಿನ್ ಬಂಧಿತವಾಗಿದೆ. ಬಂಡೆಯ ಬಿರುಕುಗಳಲ್ಲಿ ಎಷ್ಟೋ ವರ್ಷ ನಿಂತ ನೀರು, ಅದರಲ್ಲಿಯೂ ಸುಣ್ಣದಂಶ ಕಡಮೆಯಿದ್ದು ಕ್ಷಾರದಂಶ ಹೆಚ್ಚಾಗಿರುವ ನೀರು, ಈ ಖನಿಜಗಳಿಂದ ಫ್ಲೋರೈಡನ್ನು ಮೆಲ್ಲಮೆಲ್ಲನೆ ಕರಗಿಸಿಕೊಳ್ಳುತ್ತದೆ. ಮಳೆಯು ಕಡಮೆ, ಬಿಸಿಲು ಹೆಚ್ಚು, ಸೆಲೆಯು ಆಳ: ಪಾವಗಡದಂತಹ ಸೀಮೆಯಲ್ಲಿ ಇದಕ್ಕೆ ಬೇಕಾದ ಅನುಕೂಲಗಳೆಲ್ಲ ಕೂಡಿಬಂದಿವೆ.

ಹಿಂದೆ ಇಲ್ಲಿಯ ಜನ ಕುಡಿಯುತ್ತಿದ್ದುದು ಇಷ್ಟು ಹಳೆಯ ನೀರನ್ನಲ್ಲ. ಹಳ್ಳದ ಮಗ್ಗುಲಿನ, ಕೆರೆಯಂಚಿನ ಮರಳುನೆಲದಲ್ಲಿ ತಾನಾಗಿ ಉಕ್ಕುವ ಒರತೆಯನ್ನು ಗುಂಡಿಯಾಗಿ ಬಿಡಿಸಿ, ಅಲ್ಲಿಂದ ಕಾಲುವೆಯನ್ನು ತೆಗೆದು, ಕುಡಿಯಲಿಕ್ಕೂ ಗದ್ದೆತೋಟಕ್ಕೂ ಒದಗಿಸಿಕೊಳ್ಳುತ್ತಿದ್ದ ತಲಪರಿಗೆಗಳು ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡಗಳ ವೈಶಿಷ್ಟ್ಯ. ಊರವರೇ ಕೂಡಿ ಹೂಳೆತ್ತಿ, ಪೂಜೆಮಾಡಿ, ಸರದಿಯಂತೆ ನೀರು ಹಂಚಿಕೊಳ್ಳುತ್ತಿದ್ದ ವ್ಯವಸ್ಥೆ ಅದು. ನಿನ್ನೆಮೊನ್ನೆಯ ಮಳೆಯು ಮರಳಿನಲ್ಲಿ ಇಂಗಿ ಹೊರಬರುವ ಆ ನೀರಿಗೆ ಬಂಡೆಯ ಸಹವಾಸ ಅಲ್ಪಕಾಲದ್ದು. ಕೊಳವೆಬಾವಿ ಬಂದಿತು, ಮುನ್ನೂರು ಅಡಿಯು ಆರುನೂರಾಗಿ, ಸಾವಿರ ಅಡಿಯ ಮಾತೂ ಈಗ ಅಪೂರ್ವವಲ್ಲವಾಯಿತು, ಮೇಲಿನ ಸೆಲೆಯು ಬತ್ತಿ ಅನೇಕ ತಲಪರಿಗೆಗಳು ಬರಿಯ ಹೆಸರಾಗಿ ನಿಂತವು. ಕೊಳವೆಬಾವಿಯನ್ನು ನಾನು ನಿಂದಿಸುತ್ತಿಲ್ಲ. ಬರಗಾಲದಲ್ಲಿ ಬಾಯಿಗೆ ನೀರು ಕೊಟ್ಟದ್ದು ಅದೇ. ಅದು ಕೊಡುವ ನೀರು ಯಾವ ಕಾಲದ್ದೆಂಬುದನ್ನು ಮಾತ್ರ ಕೇಳಬೇಕಾಗಿತ್ತು, ಕೇಳಲಿಲ್ಲ.

ಈ ನೀರಿನ ದೋಷವನ್ನು ಜಗತ್ತು ಅರಿತದ್ದು ನಿಧಾನವಾಗಿ. ಅಮೆರಿಕದ ಕೊಲರಾಡೊದಲ್ಲಿ ಫ್ರೆಡರಿಕ್ ಮೆಕ್ಕೇ ಎಂಬ ದಂತವೈದ್ಯನು ಮಕ್ಕಳ ಹಲ್ಲಿನ ಕಂದುಕಲೆಗೆ ಕಾರಣವನ್ನು ಹುಡುಕತೊಡಗಿದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಅದಕ್ಕೆ ನೀರಿನ ಫ್ಲೋರೈಡೇ ಮೂಲವೆಂದು ಅಲ್ಯುಮಿನಿಯಂ ಕಂಪನಿಯೊಂದರ ರಸಾಯನಜ್ಞ ಚರ್ಚಿಲ್ ಕಂಡುಹಿಡಿದದ್ದು 1931ರಲ್ಲಿ. ಪಾರಿತೋಷಿಕವು ಇವರಲ್ಲಿ ಯಾರಿಗೂ ಬರಲಿಲ್ಲ. ನಮ್ಮ ದೇಶದಲ್ಲಿ ನೆಲ್ಲೂರು ಜಿಲ್ಲೆಯ ಜನರ ಮೂಳೆಗಳ ಬಾಧೆಯು ಇದರದೇ ಫಲವೆಂದು ಷಾರ್ಟ್ ಮತ್ತು ಅವನ ಸಹೋದ್ಯೋಗಿಗಳು 1937ರಲ್ಲಿ ಪ್ರಕಟಿಸಿದರು. ಅದಕ್ಕೂ ಮೊದಲೇ, ಎತ್ತುಗಳು ಕೀಲು ಬಿಗಿದು ನಡೆಯಲಾರದೆ ನಿಲ್ಲುವುದನ್ನು ಅಲ್ಲಿಯ ರೈತರು ಗಮನಿಸಿದ್ದರು. ಹಲ್ಲು ರೂಪುಗೊಳ್ಳುವ ಎಳವೆಯಲ್ಲಿ, ಸುಮಾರು ಎಂಟು ವರ್ಷದೊಳಗೆ, ಇಂಥ ನೀರನ್ನು ಕುಡಿದ ಮಗುವಿನ ಮುಂದಿನ ಹಲ್ಲುಗಳ ಮೇಲೆ ಮೊದಲು ಸೀಮೆಸುಣ್ಣದಂತಹ ಬಿಳಿಯ ಅಡ್ಡಗೆರೆಗಳು ಮೂಡುತ್ತವೆ. ಮುಂದೆ ಅವು ಹಳದಿಯಾಗಿ ಕಂದಾಗುತ್ತವೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಏಕೆಂದರೆ ಅದು ಹಲ್ಲಿನ ಮೇಲಿನ ಕೊಳೆಯಲ್ಲ, ಹಲ್ಲೇ. ಪ್ರಮಾಣವು ಇನ್ನೂ ಹೆಚ್ಚಾಗಿ, ಸೇವನೆಯು ವರ್ಷಾನುಗಟ್ಟಲೆ ನಡೆದರೆ ಬೆನ್ನುಮೂಳೆ, ಮೊಣಕಾಲು, ಕತ್ತುಗಳು ಬಿಗಿಯುತ್ತವೆ. ನಗುವಾಗ ಬಾಯಿಗೆ ಕೈಯಡ್ಡ ಹಿಡಿಯುವ ಹುಡುಗಿಯರನ್ನು ಸಂಕೋಚಸ್ವಭಾವದವರೆಂದು ಭಾವಿಸುವ ಉಪಾಧ್ಯಾಯರು ಒಮ್ಮೆ ಅವರ ಮನೆಯ ನೀರನ್ನು ವಿಚಾರಿಸಬೇಕು.

ಇಲ್ಲಿಗೆ ಬೇಯರನ ಸರದಿ. ನೀಲಿಯ ರಚನೆಯನ್ನು ಆತ 1883ರ ಹೊತ್ತಿಗೆ ತಿಳಿಸಿದ್ದು, 1897ರಲ್ಲಿ ಜರ್ಮನ್ ಕಾರ್ಖಾನೆಯ ನೀಲಿಯು ಪೇಟೆಗೆ ಬಂದು ನಮ್ಮ ದೇಶದ ನೀಲಿಯ ಬೇಸಾಯವನ್ನು ಮುಳುಗಿಸಿದ್ದು ಪ್ರಸಿದ್ಧವಾದ ವಿಷಯ, ಅದನ್ನು ಬೆಳೆಸುವುದಿಲ್ಲ. ನನಗೆ ಬೇಕಾದದ್ದು ಅದಕ್ಕೂ ಹಿಂದಿನ ಸಂಗತಿ. 1868ರಲ್ಲಿ ಬರ್ಲಿನ್ನಿನಲ್ಲಿ ಅವನ ಪ್ರಯೋಗಶಾಲೆಯ ತರುಣರಾದ ಗ್ರೇಬ ಮತ್ತು ಲೀಬರ್‌ಮನ್, ಸತುವಿನ ಪುಡಿಯೊಡನೆ ಕಾಯಿಸುವ ಅವನದೇ ವಿಧಾನವನ್ನು ಪ್ರಯೋಗಿಸಿ, ನಮ್ಮ ಮಂಜಿಷ್ಠದ ಕುಲಕ್ಕೆ ಸೇರಿದ ಮ್ಯಾಡರ್ ಎಂಬ ಗಿಡದ ಬೇರಿನ ಕೆಂಬಣ್ಣವಾದ ಅಲಿಜರಿನ್ನಿನ ಗುಟ್ಟನ್ನು ಬಿಡಿಸಿ, ಟಾರಿನಿಂದಲೇ ಅದನ್ನು ತಯಾರಿಸುವ ದಾರಿಯನ್ನು ತೆರೆದರು. ಆ ಅಲಿಜರಿನ್ನು ಜಿರ್ಕೋನಿಯಂ ಲೋಹದ ಲವಣದೊಡನೆ ಕೂಡಿದರೆ ಗುಲಾಬಿಗೆಂಪು ಬಣ್ಣವು ಬರುತ್ತದೆ. ಅದಕ್ಕೆ ಫ್ಲೋರೈಡುಳ್ಳ ನೀರು ಸೋಂಕಿದೊಡನೆ, ಮ್ವಾಸಾನನನ್ನು ಅಷ್ಟು ಕಾಡಿದ ಅದೇ ಹಟದ ಸ್ವಭಾವದಿಂದ, ಫ್ಲೋರೈಡು ಜಿರ್ಕೋನಿಯಮನ್ನು ಬಣ್ಣದ ಕೈಯಿಂದ ಕಿತ್ತುಕೊಳ್ಳುತ್ತದೆ. ಒಂಟಿಯಾದ ಅಲಿಜರಿನ್ನು ಹಳದಿಗೆ ತಿರುಗುತ್ತದೆ. ನೀರಿನ ಪರೀಕ್ಷಾಪೆಟ್ಟಿಗೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಕ್ರಮವಿದು. ಕೆಂಪು ಉಳಿದರೆ ಕ್ಷೇಮ, ಹಳದಿಯಾದಷ್ಟೂ ಅಪಾಯ. ರಸಾಯನಶಾಸ್ತ್ರದ ಒಂದಕ್ಷರವನ್ನೂ ಓದದ ನೀರಗಂಟಿಯೂ ಅರ್ಥಮಾಡಿಕೊಳ್ಳಬಲ್ಲ ಭಾಷೆ.

ಆ ಕಾಲದ ಪಾರಿತೋಷಿಕಗಳಲ್ಲಿ ನಮ್ಮ ಸೀಮೆಯನ್ನು ಮುಟ್ಟಿದವು ಇವೇ ಮೂರೆಂದು ಯಾರೂ ತಿಳಿಯಬಾರದು. ಕಡಲೆಕಾಯಿ ಎಣ್ಣೆಯನ್ನು ಗಟ್ಟಿಮಾಡಿ ವನಸ್ಪತಿಯಾಗಿಸುವ ವಿದ್ಯೆಯು 1912ರ ಸಬಾತಿಯೆಯಿಂದ ಬಂದುದು. ರೈತರು ಸರ್ಕಾರಿ ಗೊಬ್ಬರವೆನ್ನುವ ಯೂರಿಯಾದ ಹಿಂದೆ, ಗಾಳಿಯ ಸಾರಜನಕವನ್ನು ಅಮೋನಿಯವಾಗಿಸಿದ 1918ರ ಹಾಬರ್ ಇದ್ದಾನೆ. ಅವರ ಗುಣದೋಷಗಳ ವಿಚಾರಣೆ ಬೇರೆಯೇ ಆಗಬೇಕು.

ನೀರಿನ ಈ ಫ್ಲೋರೈಡಿಗೆ ಪರಿಹಾರವಿಲ್ಲವೆ? ಇದೆ. ಪಟಿಕವನ್ನೂ ಸುಣ್ಣವನ್ನೂ ಬ್ಲೀಚಿಂಗ್ ಪುಡಿಯನ್ನೂ ಲೆಕ್ಕದಂತೆ ಬೆರಸಿ, ಕಲಕಿ, ತಳಕ್ಕೆ ಇಳಿಯಬಿಟ್ಟು, ಮೇಲಿನ ತಿಳಿಯನ್ನು ಬಸಿದುಕೊಳ್ಳುವ ಸರಳಕ್ರಮವನ್ನು ನಾಗಪುರದ ನೀರಿ ಸಂಸ್ಥೆಯು 1970ರ ದಶಕದಲ್ಲಿ ರೂಪಿಸಿತು. ನಲ್ಗೊಂಡದ ಹೆಸರಿನಿಂದ ಅದು ಪ್ರಸಿದ್ಧವಾಗಿದೆ. ಈಗ ಹಳ್ಳಿಹಳ್ಳಿಯಲ್ಲಿಯೂ ಶುದ್ಧ ನೀರಿನ ಘಟಕಗಳಿದ್ದು, ಬೆಳಗ್ಗೆ ನಾಣ್ಯವನ್ನು ಹಾಕಿ ಕ್ಯಾನಿನಲ್ಲಿ ಫಿಲ್ಟರ್ ನೀರನ್ನು ಹಿಡಿದು ಸೈಕಲ್ಲು, ಮೋಟಾರ್‌ಬೈಕ್ಕುಗಳಲ್ಲಿ ಒಯ್ಯುವುದು ಸಾಮಾನ್ಯ ನೋಟವಾಗಿದೆ. ಇದು ಉಪಕಾರವೇ, ಆದರೆ ಆ ಯಂತ್ರವು ತಿರಸ್ಕರಿಸಿದ ನೀರಿನಲ್ಲಿ ಫ್ಲೋರೈಡು ಇನ್ನಷ್ಟು ಸಾಂದ್ರವಾಗಿರುತ್ತದೆಂಬುದನ್ನೂ, ಅದನ್ನು ಚರಂಡಿಗೆ ಬಿಟ್ಟು ಕೈತೊಳೆದುಕೊಳ್ಳುತ್ತಿದ್ದೇವೆಂಬುದನ್ನೂ, ಕೆಟ್ಟು ನಿಂತ ಘಟಕದ ಮುಂದೆ ಜನರು ಮತ್ತೆ ಹಳೆಯ ನಲ್ಲಿಗೇ ಹೋಗುತ್ತಾರೆಂಬುದನ್ನೂ ಮರೆಯಬಾರದು. ತುಂಗಭದ್ರೆಯ ಹಿನ್ನೀರನ್ನು ಪಾವಗಡದ ಕಡೆಗೆ ತರುವ ಯೋಜನೆಯಂತೆ ಹೊರಗಿನ ನದಿಯ ನೀರು ಬರುವುದು ಶಾಶ್ವತವಾದ ಉಪಾಯ. ತಲಪರಿಗೆಗಳ ಹೂಳೆತ್ತಿ, ಮಳೆಯ ನೀರನ್ನು ಮಳೆಗಾಲದಲ್ಲಿಯೇ ಹಿಡಿದುಕೊಳ್ಳುವುದು ಅದಕ್ಕಿಂತಲೂ ಅಗ್ಗವಾದುದು. ರಾಗಿಯಲ್ಲಿ ಸುಣ್ಣದಂಶ ಹೇರಳವಾಗಿರುವುದರಿಂದ ಮುದ್ದೆಯುಣ್ಣುವವರಿಗೆ ತುಸು ರಕ್ಷಣೆ ದೊರೆಯಬಹುದು. ಮುದ್ದೆಯೇ ಮದ್ದೆಂದು ಸುಮ್ಮನಿರುವುದು ಸಲ್ಲದು.

ಈ ಸೀಮೆಯ ಓದುಗರಲ್ಲಿ ಕೊನೆಯದಾಗಿ ಒಂದು ವಿಜ್ಞಾಪನೆ. ನೀರನ್ನು ಎಷ್ಟು ಕಾಯಿಸಿದರೂ ಫ್ಲೋರೈಡು ಹೋಗುವುದಿಲ್ಲ. ನೀರು ಆವಿಯಾಗಿ ಇಂಗಿದಷ್ಟೂ ಉಳಿದುದರಲ್ಲಿ ಅದರ ಪ್ರಮಾಣವು ಏರುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಾಲಗೆಗೆ ಸಿಹಿಯಾಗಿರುವ ನೀರಿನಲ್ಲಿಯೂ ಅದು ಇರಬಹುದು. ಭಾರತೀಯ ಮಾನಕವು ಒಂದು ಲೀಟರಿಗೆ 1 ಮಿಲಿಗ್ರಾಮನ್ನು ಹಿತವಾದ ಮಿತಿಯೆಂದೂ, ಬೇರೆ ಗತಿಯಿಲ್ಲದಲ್ಲಿ 1.5 ಮಿಲಿಗ್ರಾಮನ್ನು ಕಡೆಯ ಮಿತಿಯೆಂದೂ ಗೊತ್ತುಮಾಡಿದೆ. ಮನೆಯಲ್ಲಿ ಎಂಟು ವರ್ಷದೊಳಗಿನ ಮಕ್ಕಳಿರುವವರು, ಕುಡಿಯುವ ನೀರನ್ನು ಗಾಜಿನ ಸೀಸೆಯಲ್ಲಲ್ಲದೆ ಶುದ್ಧವಾದ ಪ್ಲಾಸ್ಟಿಕ್ ಬಾಟಲಿಯಲ್ಲಿ ಒಂದು ಲೀಟರಿನಷ್ಟು ತುಂಬಿ, ಬೇಸಗೆಯಲ್ಲೊಮ್ಮೆ, ಮಳೆಗಾಲ ಕಳೆದ ಮೇಲೊಮ್ಮೆ ಪಂಚಾಯಿತಿಯ ಮೂಲಕ ಪರೀಕ್ಷೆಗೆ ಕೊಡಬೇಕು. ಬಂದ ಅಂಕಿಯನ್ನು ಬಾಯಿಮಾತಿನಲ್ಲಿ ಕೇಳಿ ಬರದೆ, ಕಾಗದದ ಮೇಲೆ ಬರೆಯಿಸಿಕೊಂಡು ಬರಬೇಕು.